ಎತ್ತುವ ಗಾಳಿ, ಒತ್ತುವ ಗಾಳಿ

ಹೆಲಿಕಾಪ್ಟರು ನೆಲ ಬಿಟ್ಟೇಳುವುದನ್ನು ಕಂಡಾಗಲೆಲ್ಲ ನಮ್ಮ ದೃಷ್ಟಿ ತಿರುಗುವ ರೋಟರಿನ ಮೇಲೆಯೇ ನಿಲ್ಲುತ್ತದೆ. ಕೆಳಗಿನ ಒಡಲನ್ನು ನಾವು ಬರಿಯ ಹೊರೆಯೆಂದೆಣಿಸುತ್ತೇವೆ. ಆದರೆ ಯಂತ್ರವನ್ನೆತ್ತಲು ರೋಟರು ಕೆಳಕ್ಕೆ ತಳ್ಳಿದ ಗಾಳಿಯೇ ಆ ಒಡಲಿಗೆ ಬಡಿದು ಅದನ್ನು ಕೆಳಕ್ಕೊತ್ತುತ್ತದೆ.

ಅಮೆರಿಕದಲ್ಲಿ 1989ರಲ್ಲಿ ಮೊದಲು ಹಾರಿದ ಆಸ್ಪ್ರೇ ವಿಮಾನದ ರೆಕ್ಕೆಯ ಎರಡು ತುದಿಗಳಲ್ಲಿಯೂ ರೋಟರುಗಳಿವೆ. ಅದು ನಿಂತಲ್ಲೇ ತೇಲುವಾಗ, ಎತ್ತುವ ಬಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಈ ರೆಕ್ಕೆಯನ್ನು ಒತ್ತುವುದರಲ್ಲಿಯೇ ವ್ಯಯವಾಗುತ್ತದೆ. ಸುಮಾರು 24,000 ಕಿಲೋ ತೂಕದೊಡನೆ ನೇರವಾಗಿ ಮೇಲೇರುವ ಯಂತ್ರಕ್ಕೆ ಈ ನಷ್ಟವು, ಅದರೊಳಗೆ ಕುಳ್ಳಿರುವ 24 ಸಜ್ಜಿತ ಸೈನಿಕರ ಭಾರಕ್ಕೆ ಸರಿಸುಮಾರು ಸಮ. ಆದುದರಿಂದ ಆಗ ರೆಕ್ಕೆಯ ಹಿಂಬದಿಯ ಫಲಕಗಳನ್ನು ಕೆಳಕ್ಕೆ ಬಾಗಿಸಿ ಗಾಳಿಗೆ ದಾರಿ ಬಿಡುತ್ತಾರೆ.

ಎತ್ತುವವನ ಬಲವನ್ನಷ್ಟೇ ಹೊಗಳುವ ನಾವು, ಎತ್ತಿಸಿಕೊಳ್ಳುವವನೂ ತುಸು ಮೈ ಬಾಗಿಸಬೇಕೆಂಬುದನ್ನು ಇಲ್ಲಿ ಕಾಣುತ್ತೇವೆ.