ಹಲ್ಲಿಗೂ ವಿಮೆ ಇದೆಯೆ?

ತ, ಥ, ದ, ಧ, ನ ಇವು ದಂತ್ಯಗಳು ಎಂದು ಹೇಳಿ ಮುಂದಿನ ವರ್ಗಕ್ಕೆ ಹೋಗುವುದು ತರಗತಿಯ ರೂಢಿ. ನಾಲಗೆಯ ತುದಿ ಮೇಲುಹಲ್ಲಿನ ಹಿಂಬದಿಗೆ ತಾಗಿದರೆ ಮಾತ್ರ ಅವು ಹುಟ್ಟುತ್ತವೆ ಎಂಬುದು ಪುಸ್ತಕದ ಮಾತಾಗಿಯೇ ಉಳಿಯುತ್ತದೆ. ನನ್ನ ಸೋದರಮಾವನ ಮುಂದಿನ ನಾಲ್ಕು ಮೇಲುಹಲ್ಲುಗಳು ಒಂದೇ ವರ್ಷದಲ್ಲಿ ಹೋದಾಗ ಅದು ನಮ್ಮ ಮನೆಯ ಮಾತಾಯಿತು. ಅವರು ಕುಂಬಳೆ ಸೀಮೆಯ ತಾಳಮದ್ದಳೆ ಕೂಟಗಳಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು. ದುರ್ಯೋಧನನ ಹೆಸರಿನಲ್ಲೇ ಗಾಳಿ ಸೋರತೊಡಗಿದ ಮೇಲೆ ಕೂಟಕ್ಕೆ ಹೋಗುವುದನ್ನು ಬಿಟ್ಟರು. ಹಲ್ಲು ಹುಳುಕಾಗಿರಲಿಲ್ಲ, ಮಧುಮೇಹದ ಜತೆಗೆ ಬಂದ ವಸಡಿನ ರೋಗದಿಂದ ಸಡಿಲಗೊಂಡು ಬಿದ್ದಿತ್ತು.

ಅವರಲ್ಲಿ ಆರೋಗ್ಯ ವಿಮೆ ಇತ್ತು. 2020ರ ಏಪ್ರಿಲಿನಿಂದ ಬೇರೆ ಬೇರೆ ಕಂಪೆನಿಗಳು ಒಂದೇ ಒಕ್ಕಣೆಯಲ್ಲಿ ಮಾರುತ್ತಿರುವ ‘ಆರೋಗ್ಯ ಸಂಜೀವನಿ’ ಪಾಲಿಸಿ ಅದು. ‘ಇದರಲ್ಲಿ ಹಲ್ಲಿನ ಮಾತು ಇದೆ, ನೀನೇ ಓದು’ ಎಂದು ನನ್ನ ಮುಂದಿಟ್ಟರು. ಇತ್ತು, ನಿಜ. ರೋಗದಿಂದಾಗಲಿ ಗಾಯದಿಂದಾಗಲಿ ಅಗತ್ಯವಾದ ದಂತಚಿಕಿತ್ಸೆಯ ವೆಚ್ಚ ಸಲ್ಲುತ್ತದೆ ಎಂದು ಬರೆದಿದೆ. ವಸಡಿನ ರೋಗ ರೋಗವಲ್ಲವೆ ಎಂಬುದು ಮಾವನ ಪೂರ್ವಪಕ್ಷ. ಆದರೆ ಆ ವಾಕ್ಯ ಇರುವುದು ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚಗಳನ್ನು ಹೇಳುವ ಭಾಗದಲ್ಲಿ. ವ್ಯಾಕರಣ ಓದುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ತಲೆಬರಹವೆಂದರೆ ಅಧಿಕಾರಸೂತ್ರ, ಕೆಳಗಿನ ಸಾಲುಗಳಲ್ಲಿ ಮತ್ತೆ ಹೇಳದಿದ್ದರೂ ಅದರ ಆಳ್ವಿಕೆ ನಡೆದೇ ಇರುತ್ತದೆ. ದಾಖಲಾಗುವುದೆಂದರೆ ಕನಿಷ್ಠ 24 ಗಂಟೆ ಒಳರೋಗಿಯಾಗಿರುವುದು. ಅಷ್ಟು ಹೊತ್ತು ಬೇಡದ ಶಸ್ತ್ರಚಿಕಿತ್ಸೆಗಳಿಗೆ ‘ಡೇ ಕೇರ್’ ಎಂಬ ವಿನಾಯಿತಿ ಇದೆಯಾದರೂ, ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಅದರಲ್ಲಿ ಸೇರದೆಂದು ಅದರ ವ್ಯಾಖ್ಯೆಯೇ ಹೇಳುತ್ತದೆ. ಹಲ್ಲು ತುಂಬಿಸುವುದು, ರೂಟ್ ಕೆನಾಲ್, ಕ್ಯಾಪ್, ಕಟ್ಟುಹಲ್ಲು ಎಲ್ಲವೂ ಕುರ್ಚಿಯಲ್ಲಿ ಕುಳಿತು ಮುಗಿಸಿಕೊಂಡು ಮನೆಗೆ ಮರಳುವಂಥವು. ಬಿದ್ದು ದವಡೆ ಮುರಿದುಕೊಂಡು ವಾರ್ಡಿನಲ್ಲಿ ಮಲಗಿದ್ದರೆ ಮಾವನಿಗೆ ಹಣ ಬರುತ್ತಿತ್ತು.

‘ಹಾಗಾದರೆ ಹಲ್ಲು ಇರುವುದು ಶರೀರದಲ್ಲಲ್ಲ, ಆಸ್ಪತ್ರೆಯಲ್ಲಿ’ ಎಂದರು ಅವರು. ಕೂಟದಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಪಾಲಿಸಿಯ ಸಾರಾಂಶಪತ್ರವನ್ನು ಗ್ರಾಹಕರು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂಬ ನಿಯಮ ಈಗ ಇದೆ. ಸ್ಥಳೀಯ ಭಾಷೆ ಯಾವುದೆಂಬ ಪ್ರಶ್ನೆ ಕಾಸರಗೋಡಿನಲ್ಲಿ ಹಳೆಯದು. ಮಾವನಿಗೆ ಬಂದದ್ದು ಮಲಯಾಳದ್ದು. ಓದಿ ಒಪ್ಪಿಗೆಯಾಗದ ಹೊಸ ಪಾಲಿಸಿಯನ್ನು ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು ಎಂಬುದನ್ನೂ ತಿಳಿದಿರಿ. ಓದಲು ಬಾರದ ಭಾಷೆಯಲ್ಲಿದ್ದರೆ ಆ 30 ದಿನಗಳಿಂದ ಏನು ಪ್ರಯೋಜನವೋ!

ಎಲ್ಲವನ್ನೂ ಕಂಪೆನಿಗಳ ಕುಟಿಲತೆ ಎನ್ನಲಾರೆ. ವಿಮೆ ನಿಂತಿರುವುದು ಅನಿಶ್ಚಯದ ಮೇಲೆ. ನೂರು ಮನೆಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದರೆ ಉಳಿದವರ ಕಂತು ಅದನ್ನು ಕಟ್ಟಿಕೊಡುತ್ತದೆ. ಹಲ್ಲಾದರೋ ಹೆಚ್ಚುಕಡಿಮೆ ಎಲ್ಲರಿಗೂ ಕೆಡುತ್ತದೆ. ಕೆಟ್ಟ ಮೇಲೂ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡಲು ಬರುತ್ತದೆ. ನೋವು ಶುರುವಾದ ಮೇಲೆ ವಿಮೆ ಕೊಂಡು, ಚಿಕಿತ್ಸೆ ಮುಗಿಸಿ, ಮರುವರ್ಷ ಕೈಬಿಡುವವರೇ ತುಂಬಿದರೆ ನಿಧಿ ನಿಲ್ಲದು.

ಹಲ್ಲನ್ನೂ ಒಳಗೊಂಡ ‘ಓಪಿಡಿ’ ಸೇರ್ಪಡೆಗಳು ಮಾರುಕಟ್ಟೆಯಲ್ಲಿ ಇಲ್ಲದಿಲ್ಲ. ಅವುಗಳ ಮೇಲೆ ಮಿತಿಯಿದೆ, ಹಲವಕ್ಕೆ ಕಾಯುವ ಅವಧಿಯೂ ಇದೆ. ಲೆಕ್ಕಕ್ಕೆಂದು ಹೆಚ್ಚುವರಿ ಕಂತು ವರ್ಷಕ್ಕೆ 4,000 ರೂಪಾಯಿ, ಹಲ್ಲಿನ ಮಿತಿ 5,000 ಎಂದಿಟ್ಟುಕೊಳ್ಳೋಣ. ಒಬ್ಬರೇ ಇದ್ದು ಮಿತಿಯನ್ನು ಪೂರ್ತಿ ಬಳಸಿದರೆ ಉಳಿತಾಯ 1,000. ಹಲ್ಲು ನೋಯದ ವರ್ಷ ಹೋಗುವುದು 4,000. ನಾಲ್ವರ ಕುಟುಂಬಕ್ಕೆ ಒಂದೇ ಪಾಲಿಸಿಯಾದರೆ ಮಿತಿಯೂ ಸಾಮಾನ್ಯವಾಗಿ ನಾಲ್ವರದು ಸೇರಿ ಒಂದೇ. ಮಗಳ ಎರಡು ಹಲ್ಲು ತುಂಬಿಸಿದ ಮೇಲೆ ಅಪ್ಪನ ಪಾಲಿಗೆ ಉಳಿಯುವುದು ಅಲ್ಪ. ಸೊಟ್ಟಹಲ್ಲಿಗೆ ತಂತಿ ಕಟ್ಟಿಸುವುದು ಬಹುಪಾಲು ಪಾಲಿಸಿಗಳಲ್ಲಿ ಹೊರಗೇ. ಆದಕಾರಣ ಸ್ವಂತ ದುಡ್ಡಿನಿಂದ ಇದನ್ನು ಕೊಳ್ಳುವವರಿಗೆ ನಾನು ಉತ್ಸಾಹ ತುಂಬಲಾರೆ. ಉದ್ಯೋಗದಾತರು ಕೊಡುವ ಗುಂಪುವಿಮೆಯಲ್ಲಿ ಹಲ್ಲು ಸೇರಿದ್ದರೆ ಮಾತು ಬೇರೆ. ನಿಮ್ಮಲ್ಲಿ ಕೆಲವರು ನಾಳೆ ಖಾಸಗಿ ಕೆಲಸಕ್ಕೆ ಸೇರುವಿರಿ. ಇಎಸ್‌ಐ ಅನ್ವಯಿಸುವ ಸಂಸ್ಥೆಯಲ್ಲಿ ತಿಂಗಳ ವೇತನ 21,000 ರೂಪಾಯಿ ಮೀರದಿದ್ದರೆ ನಿಮ್ಮಿಂದ ಕಡಿತವಾಗುವುದು ಶೇಕಡಾ 0.75. ಅಲ್ಲಿ ಹೊರರೋಗಿ ಚಿಕಿತ್ಸೆಗೂ ಹಕ್ಕಿದೆ, ಮನೆಯ ಅವಲಂಬಿತರಿಗೂ ಇದೆ.

ಸರಕಾರಿ ಯೋಜನೆಗಳದು ಇನ್ನೊಂದು ಕತೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಮುಖ್ಯವಾಗಿ ಒಳರೋಗಿಗಳಿಗಾಗಿ ಇರುವುದು. ಹಲ್ಲು ತುಂಬಿಸಲು ಅದು ಒದಗದು. ಬಡತನ ರೇಖೆಯ ಕೆಳಗಿನ, 60 ದಾಟಿದ ಹಿರಿಯರಿಗೆ ಕಟ್ಟುಹಲ್ಲು ಕೊಡಿಸುವ ಯೋಜನೆಯ ಹೆಸರು ‘ಮಂದಹಾಸಂ’. ಕೊನೆಯ ಅನುಸ್ವಾರ ತೆಗೆದರೆ ನಮ್ಮದೇ ಪದ, ಹೆಸರಿಟ್ಟವರಿಗೆ ಕಾವ್ಯದ ರುಚಿ ಇದ್ದಿರಬೇಕು. ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ‘ದಂತಭಾಗ್ಯ’ ಇದೆ. ನಮ್ಮವರು ಕೆಲವರು ಗಡಿಯಾಚೆ ಅದನ್ನು ವಿಚಾರಿಸಿ ಬರಿಗೈಯಲ್ಲಿ ಮರಳಿದ್ದುಂಟು. ಅಲ್ಲಿ ಕೇಳುವುದು ಪಡಿತರ ಚೀಟಿಯನ್ನು, ಮಾತೃಭಾಷೆಯನ್ನಲ್ಲ.

ಹೀಗೆ ಎಲ್ಲ ದಾರಿಗಳೂ ಕಿರಿದಾದಾಗ ಮನೆಗಳಲ್ಲಿ ನಡೆಯುವುದು ಒಂದೇ: ಕೀಳಿಸುವುದು. ನಮ್ಮೂರಿನ ಕ್ಲಿನಿಕ್ಕುಗಳಲ್ಲಿ ಹಲ್ಲು ಕೀಳಿಸಲು ಕೆಲವು ನೂರು ರೂಪಾಯಿ ಸಾಕು. ಅದನ್ನೇ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿ ಉಳಿಸಲು ಕೆಲವು ಸಾವಿರ ಬೇಕು. ಕಿತ್ತ ಜಾಗದಲ್ಲಿ ಇಂಪ್ಲಾಂಟ್ ಕೂರಿಸಲು ಅದರ ಎಷ್ಟೋ ಪಟ್ಟು. ಉಳಿಸಿಕೊಳ್ಳಬಹುದಾದ ಹಲ್ಲನ್ನು ಕೀಳಿಸಿಕೊಂಡವರಲ್ಲಿ ಹೆಂಗಸರೇ ಹೆಚ್ಚು ಎಂಬುದು ನನ್ನ ಕಣ್ಣಳತೆಯ ಮಾತು. ನನ್ನ ಅಮ್ಮ ಒಂದೊಂದಾಗಿ ಐದು ಹಲ್ಲು ಕೀಳಿಸಿಕೊಂಡದ್ದು ನಮ್ಮ ಶಾಲಾಕಾಲೇಜುಗಳ ಶುಲ್ಕದ ವರ್ಷಗಳಲ್ಲಿ. ಹಲಸಿನ ಹಪ್ಪಳವನ್ನು ಈಗಲೂ ಅವರೇ ಮಾಡುತ್ತಾರೆ, ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ.

ಖರ್ಚು ಇಳಿಸುವ ಒಂದು ದಾರಿಯನ್ನು ಮಾವನೇ ಕಂಡುಕೊಂಡರು. ಪೊಯಿನಾಚಿಯಲ್ಲೂ ಗಡಿಯಾಚೆಯ ದೇರಳಕಟ್ಟೆಯಲ್ಲೂ ದಂತವೈದ್ಯ ಕಾಲೇಜುಗಳಿವೆ. ಇಂತಹ ಕಡೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುವುದರಿಂದ ದರ ಕಡಿಮೆ. ಅದಕ್ಕೆ ಬದಲಾಗಿ ಕೊಡಬೇಕಾದದ್ದು ಸಮಯ. ನಾಲ್ಕು ಹಲ್ಲುಗಳ ತೆಗೆದಿಡುವ ಸೆಟ್ಟಿಗಾಗಿ ಮಾವ ಐದು ಸಲ ಬಸ್ಸು ಹತ್ತಿದರು.

ನಮ್ಮ ಮನೆಯ ಮಟ್ಟಿಗೆ ದೊಡ್ಡ ಕಾಯಿಲೆಗಳಿಗೆಂದು ಆರೋಗ್ಯ ವಿಮೆಯನ್ನು ಮುಂದುವರಿಸಿದ್ದೇವೆ, ಓಪಿಡಿ ಸೇರ್ಪಡೆಯನ್ನು ತೆಗೆದುಕೊಳ್ಳಲಿಲ್ಲ. ಬದಲಿಗೆ ಅಂಚೆ ಕಚೇರಿಯ ಆವರ್ತ ಠೇವಣಿಯಲ್ಲಿ ತಿಂಗಳಿಗೆ 1,000 ರೂಪಾಯಿಯನ್ನು ಹಲ್ಲಿನ ಹೆಸರಿನಲ್ಲಿ ಇಡುತ್ತಿದ್ದೇವೆ. ಅದಕ್ಕೆ ಒಳರೋಗಿ ಹೊರರೋಗಿ ಎಂಬ ಭೇದವಿಲ್ಲ. ಮೊದಲ ವರ್ಷವೇ ದೊಡ್ಡ ಖರ್ಚು ಬಂದರೆ ಸಾಲದು ಎಂಬ ಕೊರತೆ ಇದೆ. ಅಮ್ಮನ ಎಡಗಡೆಯ ದವಡೆಹಲ್ಲು ಈಗ ನೋಯುತ್ತಿದೆ. ಕೀಳಿಸಿದರೆ ಸಾಕು ಎಂದು ಅವರ ಹಟ. ಗುರುವಾರ ಪೊಯಿನಾಚಿಗೆ ಕರೆದುಕೊಂಡು ಹೋಗುತ್ತಿದ್ದೇನೆ.