ಮಲ್ಲಿಗೆ ಬಿರಿಯುವ ಹೊತ್ತಿಗೆ ಧಾರೆ

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿ. ಫೆಬ್ರವರಿಯ ಮಧ್ಯಾಹ್ನ ಮೂರೂವರೆ. ರಸ್ತೆ ಕಿರಿದಾಗುತ್ತ ಹೋಗಿ, ಗುಳ್ಳ ಬದನೆಯ ಗದ್ದೆಗಳ ಪಕ್ಕದಲ್ಲೇ ಸಾಗಿ, ಹೊಳೆ ದಾಟಿ, ಮಟ್ಟುವಿನ ಕಡಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಬಲಗಡೆ ಅರಬ್ಬಿ ಸಮುದ್ರ, ಎಡಗಡೆ ತೆಂಗು. ನಿಮ್ಮ ಮುಂದೆ ಕೆನೆಬಣ್ಣದ ಪ್ರೀಮಿಯರ್ ಪದ್ಮಿನಿಯೊಂದು ನಿಧಾನವಾಗಿ ಹೋಗುತ್ತಿದೆ. ಹಿಂದಿನ ಗಾಜಿಗೆ ಹಿಂಗಾರದ ಗೊನೆ ಕಟ್ಟಿದ್ದಾರೆ. ಹಾರನ್ ಮಾಡಬೇಡಿ. ಅದರ ಹಿಂದೆಯೇ ಹೋದರೆ ಸಾಕು, ಮದುವೆಮನೆಗೆ ತಲುಪುತ್ತೀರಿ.

ತೋಟದ ಬಾಗಿಲಲ್ಲಿ ಕಾರು ನಿಲ್ಲುತ್ತಿದ್ದಂತೆ ಅದರ ಚಾಲಕ ಇಳಿದು, ಹೆಗಲ ಮೇಲಿನ ಬೈರಾಸಿನಿಂದ ಕ್ರೋಮಿನ ಬಂಪರನ್ನು ಒರೆಸುತ್ತಾನೆ. ಕಡಲ ಉಪ್ಪುಗಾಳಿಗೆ ಹಳೆಯ ಕಬ್ಬಿಣ ಒಂದು ದಿನವೂ ತಡೆಯುವುದಿಲ್ಲ. ಬೆಳಗಿನಿಂದ ಎಷ್ಟು ಸಲ ಒರೆಸಿದ್ದಾನೋ. ಈ ಕಾರಿಗೆ ಗೇರಿನ ಹಿಡಿ ಸ್ಟೀರಿಂಗಿನ ಬುಡದಲ್ಲಿದೆ. ಸುತ್ತ ನೆರೆದಿರುವ ಬೆಂಗಳೂರಿನ ಹುಡುಗರು ಅದನ್ನು ನೋಡಲೆಂದೇ ಒಬ್ಬೊಬ್ಬರಾಗಿ ಒಳಗೆ ಇಣುಕುತ್ತಾರೆ. ಈ ಮಾದರಿಗೆ ಪದ್ಮಿನಿ ಎಂಬ ಹೆಸರು ಬಿದ್ದದ್ದು 1974ರಲ್ಲಿ. ಇವತ್ತಿನ ಮದುವೆಯ ವರ್ಷವೂ ಅದೇ.

ಹೌದು, ಇಲ್ಲಿ ಇಂದು ಇಡೀ ದಿನ 1974. ಮದುಮಗಳ ಅಜ್ಜ ಅಜ್ಜಿಯರ ಮದುವೆ ಆ ವರ್ಷ ಇದೇ ತೋಟದ ಅಂಗಳದಲ್ಲಿ ನಡೆಯಿತು. ಮೊಮ್ಮಗಳು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ತುಳುನಾಡಿನ ಎಷ್ಟೋ ಮನೆಗಳ ಹಾಗೆ ಈ ಮನೆಯ ಮಕ್ಕಳೂ ಹೋಟೆಲು, ಬ್ಯಾಂಕು ಎಂದು ಆ ಊರು ಸೇರಿದವರು. ಹುಡುಗನ ಕಡೆಯವರು ಬೆಂಗಳೂರಿನವರು. ಅವರ ಪಾಲಿಗೆ ಇದು ಡೆಸ್ಟಿನೇಷನ್ ವೆಡ್ಡಿಂಗ್. ಅಜ್ಜಿಯ ಪಾಲಿಗೆ ಮನೆಯ ಹಿತ್ತಿಲು.

“ಬನ್ನಿ ಬನ್ನಿ, ಬಾಯಾರಿಕೆಗೆ ಎಂತ ಕೊಡಲಿ?” ಎನ್ನುತ್ತ ದೊಡ್ಡಮ್ಮನೊಬ್ಬರು ಬೆಲ್ಲದ ತುಂಡು ಮತ್ತು ತಣ್ಣೀರಿನ ಚೊಂಬು ಮುಂದೆ ಮಾಡುತ್ತಾರೆ. ಪಕ್ಕದ ಮರದ ಪೆಟ್ಟಿಗೆಯಲ್ಲಿ ಐಸಿನ ನಡುವೆ ಗೋಲಿ ಸೋಡದ ಬಾಟಲಿಗಳು. ಎರಡನ್ನೂ ತೆಗೆದುಕೊಳ್ಳಿ, ಬಿಸಿಲು ಸಾಕಷ್ಟಿದೆ.

ಒಳಗೆ ಚಾವಡಿಯಲ್ಲಿ ಹೂವಿನ ಕಂತೆ ಬಿಚ್ಚುತ್ತಿದ್ದಾರೆ. ಶಂಕರಪುರದ ಮಲ್ಲಿಗೆ ಬಾಳೆಯ ಹಾಳೆಯಲ್ಲಿ ಸುತ್ತಿಕೊಂಡು ಬಂದಿದೆ. ಆ ಊರು ಇಲ್ಲಿಂದ ಹೆಚ್ಚು ದೂರವಿಲ್ಲ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚಿ ಪಡೆದ ಹೂವು ಇದೇ. ಇದನ್ನು ಮಾರುವುದು ಮೊಳದ ಲೆಕ್ಕದಲ್ಲಲ್ಲ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಮೊಗ್ಗು, ಪ್ರತಿಯೊಂದನ್ನೂ ಬೆರಳಿನಿಂದ ಕಿತ್ತು, ಬಾಳೆನಾರಿನಲ್ಲಿ ಕಟ್ಟಿದ್ದು. ಹೂ ತಂದ ಹೆಂಗಸಿನ ಕೈ ನೋಡಿ: ತೋರುಬೆರಳಿನ ತುದಿಯಲ್ಲಿ ನಾರು ಎಳೆದೆಳೆದು ಬಿದ್ದ ಗೆರೆ. ಮನೆಮುಂದಿನ ಹತ್ತಾರು ಗಿಡಗಳಿಂದಲೇ ಇಲ್ಲಿನ ಎಷ್ಟೋ ಹೆಂಗಸರು ಮಕ್ಕಳನ್ನು ಓದಿಸಿದ್ದಾರೆ. ಬೆಳಕು ಹರಿಯುವ ಹೊತ್ತಿಗೆ ಕಿತ್ತ ಮೊಗ್ಗು ಇದು. ಈಗ ಬಿಗಿಯಾಗಿ ಮುಚ್ಚಿಕೊಂಡಿದೆ, ಬಿರಿಯುವುದು ಸಂಜೆಗೆ.

“ಅವಸರ ಮಾಡಬೇಡಿ ಮಕ್ಕಳೇ,” ಎನ್ನುತ್ತಾರೆ ಅಜ್ಜಿ, ಚಾವಡಿಯ ಮಂಚದ ಮೇಲಿಂದ. “ಈಗಲೇ ಮುಡಿಸಿದರೆ ಧಾರೆಯ ಹೊತ್ತಿಗೆ ಬಾಡ್ತದೆ.”

ಹೂ ಮುಡಿಸುವ ಕೈ ಅಲ್ಲಿಗೇ ನಿಲ್ಲುತ್ತದೆ. ಈ ಮನೆಯಲ್ಲಿ ಇಂದು ಅಜ್ಜಿಯ ಮಾತೇ ಕೊನೆ. ಐವತ್ತು ವರ್ಷದ ಹಿಂದಿನ ಮದುವೆ ಹೇಗಿತ್ತು ಎಂಬುದನ್ನು ಕಣ್ಣಾರೆ ಕಂಡವರು ಅವರು ಮತ್ತು ಅವರ ವಾರಗೆಯ ನಾಲ್ಕಾರು ಮಂದಿ. ಬೇರೆ ಮದುವೆಗಳಲ್ಲಿ ಮೂಲೆಯ ಕುರ್ಚಿಯಲ್ಲಿ ಕೂರಿಸಿ ಊಟ ತಂದುಕೊಡುವ ಹಿರಿಯರನ್ನು ಇಲ್ಲಿ ಎಲ್ಲರೂ ಹುಡುಕಿಕೊಂಡು ಬಂದು ಕೇಳುತ್ತಿದ್ದಾರೆ. ರವಿಕೆಯ ತೋಳು ಎಲ್ಲಿಯವರೆಗೆ ಬೇಕು? ತುರುಬು ಎಷ್ಟು ಎತ್ತರ? ಉತ್ತರ ಥಟ್ಟನೆ ಬರುತ್ತದೆ: ಮೊಣಕೈ ದಾಟಬೇಕು, ಕಲ್ಪನಾ ಹಾಕುತ್ತಿದ್ದಳಲ್ಲ ಹಾಗೆ. 1971ರಲ್ಲಿ ಅವಳ ‘ಶರಪಂಜರ’ ಸಿನಿಮಾ ಬಂದಾಗ ಹೆಂಗಸರು ಕತೆಗೆ ಅತ್ತರು, ಸೀರೆ ರವಿಕೆಗಳನ್ನು ಮನಸ್ಸಿನಲ್ಲೇ ಅಳತೆ ತೆಗೆದುಕೊಂಡು ಮನೆಗೆ ಬಂದರು. ಅಂಥ ಅಳತೆಯೊಂದು ಅಜ್ಜಿಯ ತಲೆಯಲ್ಲಿ ಇನ್ನೂ ಒಂದು ನೂಲು ಹೆಚ್ಚುಕಡಿಮೆಯಾಗದೆ ಉಳಿದಿದೆ.

ಮದುಮಗಳ ಕೂದಲನ್ನು ಎಳೆಎಳೆಯಾಗಿ ಹಿಂದಕ್ಕೆ ಬಾಚಿ, ಒಳಗೆ ಚೌರಿ ಇಟ್ಟು, ಎತ್ತರದ ತುರುಬು ಕಟ್ಟಿದ್ದಾರೆ. ಕಣ್ಣಿನ ಕಾಡಿಗೆ ಹೊರತುದಿಯಲ್ಲಿ ಬಂಗುಡೆಯ ಬಾಲದಂತೆ ಮೇಲಕ್ಕೆ ತಿರುಗಿದೆ. ಸೀರೆ ಅಜ್ಜಿಯದೇ, ಮೈಸೂರು ರೇಷ್ಮೆ, ಕುಂಕುಮದ ಬಣ್ಣ. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ನೇಯ್ಗೆ ಎಷ್ಟು ಮೃದುವೆಂದರೆ ನೆರಿಗೆ ಹಿಡಿಯುವಾಗಲೇ ಕೈಯಿಂದ ಜಾರುತ್ತದೆ; ಇಬ್ಬರು ಕೂತು ಹಿಡಿಯಬೇಕು.

ಕಿಟಕಿಯ ಪಕ್ಕ ಫೋಟೋದವನು ಕಾಯುತ್ತಿದ್ದಾನೆ. ಕೈಯಲ್ಲಿ ಹಳೆಯ ಕ್ಯಾಮೆರಾ, ಒಳಗೆ ಕಪ್ಪುಬಿಳುಪು ರೀಲು, 36 ಚಿತ್ರ. ಇಡೀ ಮದುವೆಗೆ ಅಷ್ಟೇ. ಅತಿಥಿಗಳ ಮೊಬೈಲುಗಳು ಬಾಗಿಲ ಬಳಿಯ ಬೆತ್ತದ ಬುಟ್ಟಿಯಲ್ಲಿ ಹೆಸರು ಬರೆದ ಚೀಟಿಯೊಂದಿಗೆ ಮಲಗಿವೆ. ನಿಮ್ಮದನ್ನೂ ಹಾಕಿಬಿಡಿ. ಆಮೇಲೆ ಅವನನ್ನು ಗಮನಿಸಿ. ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಬೆಳಕು ಅಳೆಯುತ್ತಾನೆ, ಮತ್ತೆ ಸುಮ್ಮನೆ ನಿಲ್ಲುತ್ತಾನೆ. ಅಜ್ಜಿ ಎದ್ದು ಬಂದು ಮೊಮ್ಮಗಳ ಸೆರಗು ಸರಿಮಾಡಿ, ಕೆನ್ನೆಯನ್ನು ಅಂಗೈಯಿಂದ ಸವರುತ್ತಾರೆ. ಆಗ ಒಂದೇ ಒಂದು ಸಲ, ಕ್ಲಿಕ್. ಮೂವತ್ತಾರರಲ್ಲಿ ಒಂದು ಹೋಯಿತು. ಹೋದದ್ದು ಸಾರ್ಥಕವಾಗಿ ಹೋಯಿತು.

ಹೊರಗೆ ಬನ್ನಿ. ತೆಂಗಿನ ಸಾಲಿನ ಹಿಂದೆ ಚಪ್ಪರ ಎದ್ದಿದೆ. ಮೇಲೆ ಹೆಣೆದ ಮಡಲು, ಕಂಬಗಳಿಗೆ ಬಾಳೆಗಿಡ, ಸೀಯಾಳದ ಗೊನೆ. ಕಡಲಂಚಿನ ಮರಳಿಗೆ ಒಂದು ಗೂಟವನ್ನೂ ಹೊಡೆದಿಲ್ಲ. ಆ ಮರಳು ಎಲ್ಲರದ್ದು, ಅಲ್ಲಿಯವರೆಗೂ ಉಬ್ಬರ ಬರುತ್ತದೆ. ಈ ಚಪ್ಪರದಲ್ಲಿ ಒಂದು ಬುಟ್ಟಿ ಸಿಮೆಂಟೂ ಇಲ್ಲ, ನಾಳೆ ಬಿಚ್ಚಿದರೆ ತೋಟ ಮೊದಲಿನಂತೆ. ಈಗ ಗಾಳಿ ಜೋರಾಗಿದೆ. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು, ಅದರ ಮೇಲಿನ ಗಾಳಿ ಮೇಲೇರಿ, ಆ ಜಾಗಕ್ಕೆ ಕಡಲ ತಂಪು ನುಗ್ಗಿ ಬರುತ್ತದೆ. ಹೊತ್ತು ಮುಳುಗಿ ನೆಲ ತಣಿದ ಮೇಲೆ ತಾನೇ ತಗ್ಗುತ್ತದೆ. ಊರಿನ ಹಿರಿಯರು ಗೋಧೂಳಿ ಲಗ್ನ ಇಟ್ಟದ್ದು ಪಂಚಾಂಗ ನೋಡಿಯೇ, ಆದರೆ ಹೂವಿನ ಹೊತ್ತೂ ಗಾಳಿಯ ಹೊತ್ತೂ ಅದಕ್ಕೇ ಬಂದು ಸೇರಿವೆ.

ಐದೂವರೆಗೆ ವಾದ್ಯ ಶುರುವಾಗುತ್ತದೆ, ಸ್ಯಾಕ್ಸೊಫೋನ್. ಬೆಂಗಳೂರಿನ ಕಡೆಯವರು ಇದನ್ನೂ ರೆಟ್ರೊ ಅಲಂಕಾರದ ಭಾಗ ಎಂದುಕೊಂಡಿರಬಹುದು. ಆದರೆ ಕರಾವಳಿಯ ಮದುವೆಗೆ ಇದು ಮನೆಯ ವಾದ್ಯ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದ, ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದರು. ಕರ್ನಾಟಕ ಸಂಗೀತದ ಗಮಕವನ್ನು ಪಾಶ್ಚಾತ್ಯ ವಾದ್ಯದಿಂದ ಹೊರಡಿಸಲು ವರ್ಷಗಟ್ಟಲೆ ದುಡಿದರು, 2004ರಲ್ಲಿ ಪದ್ಮಶ್ರೀ ಪಡೆದರು. ಅವರು ತೋರಿದ ದಾರಿಯಲ್ಲಿ ಇಂದು ಇಲ್ಲಿನ ಗುಡಿಗಳಲ್ಲೂ ಮದುವೆಗಳಲ್ಲೂ ಸ್ಯಾಕ್ಸೊಫೋನ್ ಊದುವವರಿದ್ದಾರೆ. ಬಂಗಾರದ ಬಣ್ಣದ ಆ ಕೊಳವೆಯ ಮೇಲೆ ಇಳಿಬಿಸಿಲು ಬಿದ್ದು, ಕಲ್ಯಾಣಿ ರಾಗ ತೋಟದ ಉದ್ದಕ್ಕೂ ಹರಡುವಾಗ, ಬೆಡಗು ಎಂಬುದನ್ನು ಬೇರೆ ಊರಿನಿಂದ ತರಿಸಬೇಕಾಗಿಲ್ಲ ಎಂದು ನಿಮಗೇ ಅನ್ನಿಸುತ್ತದೆ.

ಆರೂಕಾಲು. ಮದುಮಗಳು ಚಪ್ಪರಕ್ಕೆ ಬರುತ್ತಾಳೆ. ಅಟ್ಟೆ ಮಲ್ಲಿಗೆ ತುರುಬನ್ನು ಸುತ್ತಿ ಬೆನ್ನ ಮೇಲೆ ಇಳಿದಿದೆ, ಮತ್ತು ಈಗ, ಈಗಲೇ, ಬಿರಿಯುತ್ತಿದೆ. ಅವಳು ಹಾದುಹೋದ ಮೇಲೂ ಪರಿಮಳ ಸಾಲಿನಿಂದ ಸಾಲಿಗೆ ದಾಟುತ್ತದೆ. ಮದುಮಗ ಪಂಚೆ, ಜರಿಯ ಶಾಲು, ಪೇಟದಲ್ಲಿ ಎದ್ದು ನಿಲ್ಲುತ್ತಾನೆ. ತುಳುನಾಡಿನ ಮದುವೆಗೆ ಧಾರೆಯೇ ಜೀವ. ಇಬ್ಬರ ಕೈಗಳನ್ನೂ ಸೇರಿಸಿ, ಹೆಣ್ಣಿನ ತಂದೆತಾಯಿ ಗಿಂಡಿಯಿಂದ ನೀರೆರೆಯುತ್ತಾರೆ. ಪಡುವಣದಲ್ಲಿ ಸೂರ್ಯ ನೀರಿಗೆ ತಾಗಿದ್ದಾನೆ. ಸಣ್ಣ ಧಾರೆ ಕೆಂಪಗೆ ಹೊಳೆಯುತ್ತ ಎರಡು ಜೋಡಿ ಕೈಗಳ ಮೇಲಿಂದ ಹರಿವಾಣಕ್ಕೆ ಇಳಿಯುತ್ತದೆ. ಆಮೇಲೆ ಹಿರಿಯರು ಒಬ್ಬೊಬ್ಬರಾಗಿ ಬಂದು ಗಿಂಡಿ ಹಿಡಿಯುತ್ತಾರೆ. ಯಾರನ್ನೂ ಬೇಗ ಬನ್ನಿ ಎನ್ನುವವರಿಲ್ಲ. ಅಜ್ಜನ ಕೈ ನಡುಗಿ ನೀರು ಆಚೀಚೆ ಚೆಲ್ಲುತ್ತದೆ, ಅಜ್ಜಿ ತಮ್ಮ ಕೈ ಕೆಳಗಿಡುತ್ತಾರೆ, ಧಾರೆ ನೇರವಾಗುತ್ತದೆ. ಫೋಟೋದವನು ಕಾದಿದ್ದು ಇದಕ್ಕೆ.

ಆರೂವರೆ ದಾಟಿ ಕತ್ತಲಾಗುತ್ತಿದ್ದಂತೆ ದಕ್ಷಿಣದ ಬಂಡೆಯ ಮೇಲೆ ಕಾಪು ದೀಪಸ್ತಂಭ ಮಿನುಗತೊಡಗುತ್ತದೆ. 1901ರಿಂದ ಇಲ್ಲಿ ನಿಂತಿದೆ, ಅಜ್ಜಿಯ ಮದುವೆಗೂ ಬೆಳಕು ಚೆಲ್ಲಿದೆ. ತೋಟದಲ್ಲಿ ಗ್ಯಾಸ್‌ಲೈಟುಗಳು ಉರಿಯುತ್ತವೆ. ಯಕ್ಷಗಾನದ ರಂಗಸ್ಥಳವನ್ನು ಒಂದು ಕಾಲದಲ್ಲಿ ಬೆಳಗುತ್ತಿದ್ದ ಅದೇ ಬಗೆ, ಅದೇ ಸುಂಯ್ ಶಬ್ದ. ಎಲ್ಲವನ್ನೂ ತಗ್ಗಿನಲ್ಲಿಟ್ಟು, ಕಡಲ ಕಡೆಗೆ ತಗಡಿನ ಮರೆ ಕಟ್ಟಿದ್ದಾರೆ. ಕಾರಣ ಇದೆ. ಈ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ; ಕುಂದಾಪುರದ ಕೋಡಿಯಲ್ಲಿ ಅಂಥ ಗೂಡುಗಳು ಸಿಕ್ಕಿವೆ. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬಿ ಹೊರಡುತ್ತವೆ. ನಮ್ಮ ಒಂದು ರಾತ್ರಿಯ ಝಗಮಗಕ್ಕೆ ಅವು ರಸ್ತೆಯ ಕಡೆ ಹೊರಳಬಾರದು. ದಡದಲ್ಲಿ ಮದುವೆ ಮಾಡುವವರೆಲ್ಲ ಈ ತಗಡಿನ ಮರೆಯನ್ನು ಮೊದಲ ಅಲಂಕಾರವೆಂದು ಎಣಿಸಬೇಕು.

ಅಷ್ಟರಲ್ಲಿ ಎಲ್ಲರೂ ಉಡುಪು ಬದಲಿಸಿ ಬಂದಿದ್ದಾರೆ. ಬುಂಡೆಚುಕ್ಕಿಯ ಸೀರೆಗಳು, ಕಾಲರಿನ ರೆಕ್ಕೆ ಭುಜದವರೆಗೆ ಚಾಚಿದ ಅಂಗಿಗಳು, ನೆಲ ಗುಡಿಸುವ ಬೆಲ್‌ಬಾಟಂ. ಮದುಮಗ ಕೃದಾ ಬಿಟ್ಟು ಮೂರು ತಿಂಗಳಿಂದ ಸಾಕಿದ್ದಾನಂತೆ. ಚಿಕ್ಕಪ್ಪನೊಬ್ಬರು ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆಗೆದು, ಪ್ಲೇಟಿನ ಧೂಳು ಮಖಮಲ್ಲಿನಿಂದ ಒರೆಸಿ, ಮುಳ್ಳು ಇಳಿಸುತ್ತಾರೆ. ಒಂದು ಕ್ಷಣ ಕರಕರ, ಆಮೇಲೆ ರಾಜನ್-ನಾಗೇಂದ್ರರ ಪಿಟೀಲುಗಳು. ‘ಎರಡು ಕನಸು’ ಸಿನಿಮಾ, 1974. ಪಿ.ಬಿ. ಶ್ರೀನಿವಾಸರ ದನಿ ತೋಟಕ್ಕೆ ಬರುತ್ತಲೇ ಅರವತ್ತು ದಾಟಿದವರ ಸಾಲಿನಲ್ಲಿ ಒಂದು ಅಲೆ ಎದ್ದಂತಾಗುತ್ತದೆ. ಸಣ್ಣ ಪ್ಲೇಟಿನ ಒಂದು ಬದಿಗೆ ಎರಡೇ ಹಾಡು. ಮುಗಿದಾಗ ಯಾರಾದರೂ ಎದ್ದು ತಿರುವಿ ಹಾಕಬೇಕು. ಆ ನಡುವಿನ ಬಿಡುವಿನಲ್ಲಿ ಜನ ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆ. ಬಿಡುವಿಲ್ಲದ ಸ್ಪೀಕರಿನ ಮದುವೆಗಳಲ್ಲಿ ನಾವು ಕಳೆದುಕೊಂಡದ್ದು ಈ ಮಾತನ್ನೇ.

ಊಟ ಪಂಕ್ತಿಯಲ್ಲಿ. ಎಲೆಯ ತುದಿಯಲ್ಲಿ ಉಪ್ಪಿನಕಾಯಿ, ಮಟ್ಟುಗುಳ್ಳದ ಹುಳಿ. ಬರುವಾಗ ನೀವು ದಾಟಿದ ಗದ್ದೆಯದೇ ಗುಳ್ಳ, ನೀಳವಲ್ಲ, ಹಸಿರು ಬಣ್ಣದ ದುಂಡು ಕಾಯಿ, ಬೆಂದರೂ ಹೋಳು ಕದಡಿಲ್ಲ. ಆಚೆಯ ಸಾಲಿಗೆ ನೀರುದೋಸೆ, ಕೋರಿ ಸುಕ್ಕ, ಬಂಗುಡೆ ಪುಳಿಮುಂಚಿ. “ಇನ್ನೊಂದು ದೋಸೆ ಹಾಕ್ತೇನೆ, ಎಂತ ನಾಚಿಕೆ ಮಾರಾಯ್ರೆ,” ಎನ್ನುತ್ತ ಮಾವ ಎಲೆಗೆ ಅಡ್ಡ ಹಿಡಿದ ನಿಮ್ಮ ಕೈಯನ್ನು ಪಕ್ಕಕ್ಕೆ ಸರಿಸುತ್ತಾರೆ. ಕೊನೆಗೆ ಉದ್ದ ಗ್ಲಾಸಿನಲ್ಲಿ ಗಡ್‌ಬಡ್: ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಪದರಪದರವಾಗಿ. ಉಡುಪಿಯ ಈ ಸೃಷ್ಟಿಯನ್ನು ಉದ್ದ ಚಮಚೆಯಿಂದ ತಳದವರೆಗೆ ಹೋಗಿ ತಿನ್ನಬೇಕು.

ಹತ್ತಕ್ಕೆ ಧ್ವನಿವರ್ಧಕ ಮುಗಿಯಬೇಕು, ಕಾನೂನೂ ಅದೇ, ಮನೆಯ ಒಪ್ಪಿಗೆಯೂ ಅದೇ. ಇನ್ನು ಹತ್ತು ನಿಮಿಷ. ಅಜ್ಜಿ ಅಜ್ಜನ ಕೈ ಹಿಡಿದು ಅಂಗಳಕ್ಕೆ ಎಳೆದು ತರುತ್ತಾರೆ, ಹುಡುಗರು ಸುತ್ತುಗಟ್ಟುತ್ತಾರೆ, ಬೆಲ್‌ಬಾಟಮ್ಮುಗಳು ಮರಳೆಬ್ಬಿಸುತ್ತವೆ. ಹಳೆಯ ಕಾಲವನ್ನು ಬಾಡಿಗೆಗೆ ತಂದು ನಿಲ್ಲಿಸಿದರೆ ಅದು ಪರದೆ ಮಾತ್ರ. ಅದನ್ನು ಬದುಕಿದವರ ಕೈಗೆ ಒಪ್ಪಿಸಿ, ಅವರ ನಿಧಾನಕ್ಕೆ ನಾವು ಹೆಜ್ಜೆ ಹಾಕಿದಾಗ ಇಂಥ ಸಂಭ್ರಮವಾಗುತ್ತದೆ. ಮೊಗ್ಗಿಗೆ, ಗಾಳಿಗೆ, ನಡುಗುವ ಕೈಗೆ ಕಾದದ್ದೇ ಈ ಮದುವೆಯ ಬೆಡಗು.

“ಒಂದೇ ಉಳಿದಿದೆ!” ಫೋಟೋದವನು ಕೂಗುತ್ತಾನೆ. ಮೂವತ್ತಾರನೆಯದು. ಯಾರದ್ದು ತೆಗೆಯಬೇಕೆಂಬ ಗಲಾಟೆಗೆ ಅಜ್ಜಿ ಎರಡೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: “ಎಲ್ಲರೂ ಬನ್ನಿ.” ಅಡುಗೆಯವರು ಸೌಟು ಹಿಡಿದೇ ಬರುತ್ತಾರೆ. ಹೂವಿನ ಹೆಂಗಸನ್ನು ಮದುಮಗಳು ಪಕ್ಕಕ್ಕೇ ನಿಲ್ಲಿಸಿಕೊಳ್ಳುತ್ತಾಳೆ. ಸ್ಯಾಕ್ಸೊಫೋನಿನವರು, ಪದ್ಮಿನಿಯ ಚಾಲಕ, ಬೀಗರು, ಮಕ್ಕಳು. ನೀವೂ ಬನ್ನಿ, ಎರಡನೆಯ ಸಾಲಿನಲ್ಲಿ ಜಾಗ ಉಂಟು. ಕ್ಲಿಕ್. ಹೇಗೆ ಬಂತೆಂದು ಈಗ ನೋಡುವಂತಿಲ್ಲ, ರೀಲು ತೊಳೆದು ಬರಬೇಕು. ಬಂದ ದಿನ ಒಂದು ಪ್ರತಿ ಬೇಕಿದ್ದವರು ಚಾವಡಿಯ ಪುಸ್ತಕದಲ್ಲಿ ವಿಳಾಸ ಬರೆದು ಹೋಗಬೇಕೆಂದು ದೊಡ್ಡಮ್ಮ ಹೇಳುತ್ತಿದ್ದಾರೆ, ಮತ್ತು ಅಲ್ಲಿ ಆಗಲೇ ಸಾಲು ನಿಂತಿದೆ.