ಬರಾಕ್ ಕಣಿವೆಯ ಹಾಜರಿ ಲೆಕ್ಕ

ಅಸ್ಸಾಮಿನ ಲಮ್ಡಿಂಗ್ ದಾಟಿತೆಂದರೆ ರೈಲಿಗೆ ಬೆಟ್ಟ ಎದುರಾಗುತ್ತದೆ. ಅಲ್ಲಿಂದ ಮುಂದಕ್ಕೆ ಸುರಂಗ, ಸೇತುವೆ, ಮತ್ತೆ ಸುರಂಗ. ಕಿಟಕಿಯಾಚೆ ಒಮ್ಮೆ ಬಿದಿರುಮೆಳೆ, ಒಮ್ಮೆ ಎಲ್ಲೋ ಆಳದಲ್ಲಿ ಬಂಡೆಗಳ ನಡುವೆ ಮಿನುಗುವ ಜಟಿಂಗಾ ಹೊಳೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಹಾದಿಯ 57 ಸುರಂಗಗಳನ್ನು ಎಣಿಸುತ್ತ ಪ್ರಯಾಣ ಮಾಡಿದವನು ನಾನು. ಆದರೂ ಈ ದಾರಿಯಲ್ಲಿ ಎಣಿಕೆ ಮರೆತು ಕೂತೆ. ಬ್ರಿಟಿಷರ ಕಾಲದ ಮೀಟರ್‌ಗೇಜ್ ಹಳಿ ಕಿತ್ತು ಇಲ್ಲಿ ಬ್ರಾಡ್‌ಗೇಜ್ ರೈಲು ಓಡಿಸಿದ್ದು 2015ರಲ್ಲಿ. ಹಳಿ ಹಾಕಿದ ಮಾತ್ರಕ್ಕೆ ಬೆಟ್ಟ ಸುಮ್ಮನಿರಬೇಕಲ್ಲ! 2022ರ ಮೇ ತಿಂಗಳ ಮಳೆಗೆ ಗುಡ್ಡ ಜಾರಿ ನ್ಯೂ ಹಾಫ್ಲಾಂಗ್ ನಿಲ್ದಾಣವೇ ಕೆಸರಿನಲ್ಲಿ ಹೂತುಹೋಯಿತು. ಅಲ್ಲಿ ನಿಂತಿದ್ದ ರೈಲಿನ ಬೋಗಿಗಳನ್ನು ಕೆಸರು ಮಗುಚಿ ಹಾಕಿತ್ತು. ಈಗ ಅದೇ ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವ ಹುಡುಗ ಏನೂ ಆಗಿಯೇ ಇಲ್ಲವೆಂಬಂತೆ ಕೂಗುತ್ತಿದ್ದ.

ನನ್ನ ಎದುರು ಸೀಟಿನ ಮುದುಕರ ಮಡಿಲಲ್ಲಿ ಸ್ಕ್ಯಾನಿಂಗ್‌ನ ದೊಡ್ಡ ಲಕೋಟೆ. ಪಕ್ಕದ ಸಾಲಿನಲ್ಲಿ ಅಂಥದೇ ಇನ್ನೊಂದು. ಬಾಗಿಲ ಬಳಿ ಚಾಪೆ ಹಾಸಿ ಮಲಗಿದ್ದ ಹೆಂಗಸಿನ ತಲೆದೆಸೆಯಲ್ಲಿ ಮತ್ತೊಂದು. ಗುವಾಹಟಿಗೆ ಹೋಗಿ ತೋರಿಸಿ ಬರುತ್ತಿದ್ದವರು ಕೆಲವರು, ಗುವಾಹಟಿಯ ಗೊಡವೆಯೇ ಬೇಡವೆಂದು ನೇರ ಸಿಲ್ಚಾರ್‌ಗೆ ಹೊರಟ ಬೆಟ್ಟದೂರಿನವರು ಕೆಲವರು. ನಾನು ಹೊರಟದ್ದೂ ಅಲ್ಲಿಗೇ: ಸಿಲ್ಚಾರ್‌ನ ಮೆಹರ್‌ಪುರದಲ್ಲಿರುವ ಕಾಛಾಡ್ ಕ್ಯಾನ್ಸರ್ ಆಸ್ಪತ್ರೆಗೆ. ನನಗೆ ರೋಗವಿರಲಿಲ್ಲ. ಮದರಾಸಿನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ರವಿ ಕಣ್ಣನ್ 2007ರಲ್ಲಿ ಹೆಂಡತಿ ಮಗಳ ಸಮೇತ ಈ ಮೂಲೆಗೆ ಬಂದು ನೆಲೆಸಿದರು ಎಂದು ಓದಿದಾಗಿನಿಂದ ಕುತೂಹಲ ಒಳಗೇ ಕೊರೆಯುತ್ತಿತ್ತು. ದೊಡ್ಡ ಊರಿನ ಡಾಕ್ಟರು ಹಳ್ಳಿಗೆ ಹೋದ ಕತೆಗಳು ನಮಗೆ ಬೇಕಾದಷ್ಟಿವೆ. ಹೋದ ಮೇಲೆ ಅವರು ಮಾಡಿದ್ದೇನು ಎಂಬುದು ಮಾತ್ರ ಆ ಕತೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಬೆಟ್ಟ ಇಳಿದು ಬದರ್‌ಪುರ ಬರುವ ಹೊತ್ತಿಗೆ ನೆಲ ಸಪಾಟಾಗುತ್ತದೆ. ಗದ್ದೆ, ಕೆರೆ, ಕೆರೆಯ ಸುತ್ತ ಮನೆ, ಮನೆಯ ಸುತ್ತ ಅಡಿಕೆ ಮರ. ಅಡಿಕೆ ಮರ! ಮಲೆನಾಡಿನ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಅದು ಕಂಡರೆ ಆಗುವ ಹಿಗ್ಗನ್ನು ಏನೆಂದು ಹೇಳಲಿ. ಸಾಲು ಹಿಡಿದು ನೆಟ್ಟವಲ್ಲ, ಹಿತ್ತಿಲಿನಲ್ಲಿ ತೋಚಿದ ಕಡೆ ಎದ್ದು ನಿಂತವು. ಆರೈಕೆ ಸಾಲದು ಅನ್ನಿಸಿತು. ನಮ್ಮವರಿಗೆ ಇನ್ನೊಬ್ಬರ ತೋಟ ಕಂಡರೆ ಮೊದಲು ಹೊರಡುವ ಮಾತೇ ಅದು.

ಕಾಛಾಡ್, ಶ್ರೀಭೂಮಿ (2024ರ ತನಕ ಕರೀಂಗಂಜ್), ಹೈಲಾಕಂದಿ, ಈ ಮೂರು ಜಿಲ್ಲೆ ಸೇರಿ ಬರಾಕ್ ಕಣಿವೆ. ಸುತ್ತ ಮಣಿಪುರ, ಮಿಜೋರಾಂ, ತ್ರಿಪುರಾ, ಮೇಘಾಲಯ, ಇನ್ನೊಂದು ಮಗ್ಗುಲಿಗೆ ಬಾಂಗ್ಲಾದೇಶ. ಅಸ್ಸಾಮಿನಲ್ಲೇ ಇದ್ದರೂ ಊರ ಮಾತು ಸಿಲ್ಹೆಟಿ ಬಂಗಾಳಿ. ಆ ಮಾತಿಗಾಗಿ 1961ರ ಮೇ 19ರಂದು ಸಿಲ್ಚಾರ್ ರೈಲು ನಿಲ್ದಾಣದಲ್ಲಿ ಹನ್ನೊಂದು ಮಂದಿ ಗುಂಡಿಗೆ ಬಲಿಯಾದರು. ನಿಲ್ದಾಣದಿಂದ ಹೊರಬೀಳುವಾಗ ನನ್ನ ಕಾಲು ತಾನಾಗಿ ನಿಧಾನವಾಯಿತು. ಐಜ್ವಾಲ್‌ಗೆ ಹೋಗುವ ಹೆದ್ದಾರಿ ಹೊರಡುವುದೂ ಈ ಊರಿನಿಂದಲೇ. ಕ್ಯಾನ್ಸರ್ ನೋಂದಣಿ ಕೇಂದ್ರಗಳ 2020ರ ರಾಷ್ಟ್ರೀಯ ವರದಿಯಲ್ಲಿ ಗಂಡಸರ ಪೈಕಿ ದೇಶದಲ್ಲೇ ಅತಿ ಹೆಚ್ಚು ಪ್ರಮಾಣ ಕಂಡದ್ದು ಅದೇ ಐಜ್ವಾಲ್ ಜಿಲ್ಲೆಯಲ್ಲಿ, ಲಕ್ಷಕ್ಕೆ 269.4. ಹೆಂಗಸರಲ್ಲಿ ಅರುಣಾಚಲದ ಪಾಪುಂ ಪಾರೆ. ರೋಗದ ಭೂಪಟ ಬರೆದರೆ ಈಶಾನ್ಯದ ಮೇಲೆಯೇ ಗಾಢವಾದ ಬಣ್ಣ ಬಳಿಯಬೇಕು.

ಆಸ್ಪತ್ರೆಯನ್ನು 1996ರಲ್ಲಿ ಕಟ್ಟಿದ್ದು ಸರ್ಕಾರವಲ್ಲ, ಊರಿನವರು ಕೂಡಿ ಮಾಡಿಕೊಂಡ ಒಂದು ಸೊಸೈಟಿ. ಲಾಭಕ್ಕಲ್ಲದ, ದೇಣಿಗೆಯಿಂದ ನಡೆಯುವ ಸಂಸ್ಥೆ. ಅಡ್ಯಾರ್ ಸಂಸ್ಥೆಯೂ ಹುಟ್ಟಿದ್ದು ಹಾಗೆಯೇ. ಕ್ಯಾನ್ಸರ್‌ನಿಂದ ತಂಗಿಯನ್ನು ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಚಂದಾ ಎತ್ತಿ, 1954ರಲ್ಲಿ 12 ಹಾಸಿಗೆಗಳಿಂದ ಶುರು ಮಾಡಿದ್ದು ಅದು. ಕಣ್ಣನ್ ಬಂದ ಕಾಲಕ್ಕೆ ಸಿಲ್ಚಾರ್‌ನಲ್ಲಿ ಇದ್ದ ಸಿಬ್ಬಂದಿ 23. ಅವರಿಗೆ 2023ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಕೊಡುವಾಗ ಆ ಸಂಖ್ಯೆ 451 ಎಂದು ಪ್ರಶಸ್ತಿಯ ಬಿನ್ನವತ್ತಳೆ ಲೆಕ್ಕ ಕೊಟ್ಟಿದೆ. ವರ್ಷಕ್ಕೆ ಸರಾಸರಿ ಐದು ಸಾವಿರ ಹೊಸ ರೋಗಿಗಳು, ಪುಕ್ಕಟೆಯಾಗಿ ಅಥವಾ ಕಡಿಮೆ ದರಕ್ಕೆ.

ಅಂಕಿಗಳಿಗೆ ಬೆರಗಾಗುವ ವಯಸ್ಸು ದಾಟಿದೆ. ನನ್ನನ್ನು ಬೆರಗಾಗಿಸಿದ ಅಂಕಿ ಒಂದೇ: 28.

ಕಣ್ಣನ್ ಬಂದ ಮೊದಲಲ್ಲಿ ಆಸ್ಪತ್ರೆಗೆ ಬಂದ ನೂರು ಮಂದಿಯಲ್ಲಿ ಚಿಕಿತ್ಸೆ ಮುಗಿಯುವ ತನಕ ನಿಲ್ಲುತ್ತಿದ್ದವರು ಇಪ್ಪತ್ತೆಂಟು. ಉಳಿದವರು ಬಾರದೇ ಹೋಗುತ್ತಿದ್ದರು. ಯಂತ್ರವಿತ್ತು, ಔಷಧವಿತ್ತು, ಮದರಾಸಿನ ಕೈಚಳಕದ ಸರ್ಜನ್ ಕೂಡ ಇದ್ದರು. ರೋಗಿ ಮಾತ್ರ ಇರುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದರು?

ಬಾಗಾನಿಗೆ, ಅಂದರೆ ಚಹಾ ತೋಟಕ್ಕೆ. ಈ ಕಣಿವೆಯ ಬಡವರಲ್ಲಿ ಬಹಳ ಮಂದಿ ಚಹಾ ತೋಟದ ಕೂಲಿಗಳು. ಬ್ರಿಟಿಷರ ಕಾಲದಲ್ಲಿ ಜಾರ್ಖಂಡ್, ಒಡಿಶಾ, ಆಂಧ್ರದ ಕಡೆಗಳಿಂದ ತಂದು ಹಾಕಿದವರ ಮರಿಮೊಮ್ಮಕ್ಕಳು. ಒಂದು ದಿನದ ದುಡಿಮೆಗೆ ಒಂದು ಹಾಜರಿ. 2023ರ ಅಕ್ಟೋಬರಿನಲ್ಲಿ ಏರಿಸಿದ ಮೇಲೂ ಬರಾಕ್ ಕಡೆಯ ಹಾಜರಿ 228 ರೂಪಾಯಿ ಇತ್ತು. ಬ್ರಹ್ಮಪುತ್ರದ ಕಡೆ 250. ಈಗ ಬಾಯಿಯ ಕ್ಯಾನ್ಸರ್‌ಗೆ ವಿಕಿರಣ ಕೊಡಿಸಬೇಕು ಎನ್ನೋಣ. ನಮ್ಮ ಕಡೆ ಜನ ‘ಕರೆಂಟು ಕೊಡೋದು’ ಎನ್ನುತ್ತಾರಲ್ಲ, ಅದು. ಗೊತ್ತಾದ ಪ್ರಮಾಣದಲ್ಲಿ, ವಾರಕ್ಕೆ ಐದು ದಿನದಂತೆ ಆರೇಳು ವಾರ ತಪ್ಪದೆ ನಡೆಯಬೇಕು. ನಡುವೆ ಬಿಟ್ಟರೆ ಗಡ್ಡೆಗೆ ಚೇತರಿಸಿಕೊಳ್ಳಲು ಬಿಡುವು ಕೊಟ್ಟ ಹಾಗೆ. ಬಾಗಾನಿನ ಕೆಲಸ ವಾರಕ್ಕೆ ಆರು ದಿನ, ಏಳು ವಾರಕ್ಕೆ 42 ಹಾಜರಿ. ರೋಗಿ ಒಬ್ಬನೇ ಬರುವಂತಿಲ್ಲ, ಜೊತೆಗೊಬ್ಬರು ಬೇಕು, ಅವರದೂ 42. ಆ ದರಕ್ಕೆ ಒಟ್ಟು 19,152 ರೂಪಾಯಿ. ಚಿಕಿತ್ಸೆ ಪೂರ್ತಿ ಪುಕ್ಕಟೆಯಾದರೂ ಈ ಹತ್ತೊಂಬತ್ತು ಸಾವಿರ ಆ ಮನೆಯಿಂದ ಹೋಗಿಯೇ ಹೋಗುತ್ತದೆ. ಮೇಲೆ ಬಸ್ಸಿನ ಖರ್ಚು, ಊಟ, ರಾತ್ರಿ ಮಲಗಲು ಒಂದು ಜಾಗ. ಮೂರನೆಯ ವಾರಕ್ಕೆ ನೋವು ಸ್ವಲ್ಪ ಇಳಿಯುತ್ತದೆ, ಮನೆಯಲ್ಲಿ ಅಕ್ಕಿಯ ಡಬ್ಬ ಬರಿದಾಗುತ್ತದೆ. ಅವನು ಎದ್ದು ಹೋಗದೆ ಇನ್ನೇನು ಮಾಡಿಯಾನು? ತಿಳಿವಳಿಕೆ ಇಲ್ಲದ ಜನ ಎಂದು ನಾವು ಬಹಳ ಸುಲಭವಾಗಿ ಅಂದುಬಿಡುತ್ತೇವೆ. ಲೆಕ್ಕ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಈ ಆಸ್ಪತ್ರೆ ಹಿಡಿದದ್ದು ಆ ಲೆಕ್ಕವನ್ನೇ. ಊಟ ಕೊಟ್ಟರು, ವಸತಿ ಕೊಟ್ಟರು. ಅಷ್ಟು ಬೇರೆ ಕಡೆಯೂ ಉಂಟು. ರೋಗಿಯ ಜೊತೆ ಬಂದವರಿಗೆ ಕೆಲಸ ಕೊಟ್ಟರು! ತಾತ್ಕಾಲಿಕದ ಕೂಲಿ ಕೆಲಸ, ಚಿಕಿತ್ಸೆ ನಡೆಯುವಷ್ಟು ಕಾಲ. ಹೆಂಡತಿ ಒಳಗೆ ಯಂತ್ರದಡಿ ಮಲಗಿದ್ದರೆ ಗಂಡ ಹೊರಗೆ ದುಡಿಯುತ್ತಾನೆ, ಸಂಜೆಗೆ ಅವನ ಹಾಜರಿ ಅವನಿಗೆ. ಇದನ್ನು ಕೇಳಿ ನಾನು ಅಂಗಳದ ಬೆಂಚಿನ ಮೇಲೆ ಸುಮ್ಮನೆ ಕೂತೆ. ಇಷ್ಟು ಸರಳವಾದದ್ದು, ಇಷ್ಟು ಎದುರಿಗೇ ಇದ್ದದ್ದು, ಯಾಕೆ ಎಲ್ಲರಿಗೂ ಹೊಳೆಯುವುದಿಲ್ಲ? ಔಷಧದ ಚೀಟಿಯಲ್ಲಿ ‘ಗಂಡನಿಗೆ ಕೂಲಿ, ಏಳು ವಾರ’ ಎಂದು ಬರೆಯಲು ಯಾವ ವೈದ್ಯಕೀಯ ಕಾಲೇಜು ಕಲಿಸುತ್ತದೆ?

ಆಸ್ಪತ್ರೆಗೆ ಬರಲಾಗದವರ ಮನೆಗೆ ಆಸ್ಪತ್ರೆಯೇ ಹೋಗುತ್ತದೆ. ದೂರದೂರದ ಹಳ್ಳಿಗಳಿಗೆ ಪ್ರಯಾಣ ಮಾಡುವ ತಂಡವೊಂದಿದೆ. ನೋವಿನ ಔಷಧ ಹೇಗೆ ಕೊಡಬೇಕು, ಮಲಗಿದ ಜೀವವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಅದು ಮನೆಯವರಿಗೇ ಕಲಿಸಿ ಬರುತ್ತದೆ. ಔಷಧ ಪುಕ್ಕಟೆ. ವಾಸಿಯಾಗದ ರೋಗಿಯನ್ನು ‘ಇನ್ನು ಮನೆಗೆ ಕರಕೊಂಡು ಹೋಗಿ’ ಎಂದು ಕಳಿಸಿದ ಮೇಲೆ ಏನಾಗುತ್ತದೆಂದು ಬಹುಪಾಲು ಆಸ್ಪತ್ರೆಗಳು ಕೇಳುವುದೇ ಇಲ್ಲ. ಕೇಳಬೇಕಾದ್ದು ಅಲ್ಲಿಂದಲೇ ಶುರು. ಇದೆಲ್ಲ ಸೇರಿ ಆ 28 ಎಂಬುದು 70ಕ್ಕೆ ಏರಿತು. ಹೊಸ ಯಂತ್ರವೊಂದು ಇಷ್ಟು ಮಾಡಿದ್ದರೆ ಅದರ ಉದ್ಘಾಟನೆಗೆ ದೆಹಲಿಯಿಂದ ಮಂತ್ರಿಗಳು ಬರುತ್ತಿದ್ದರು.

2022ರ ಜೂನ್‌ನಲ್ಲಿ ಬೇತುಕಾಂದಿಯ ಒಡ್ಡು ಒಡೆದು ಬರಾಕ್ ನದಿ ಊರಿಗೆ ನುಗ್ಗಿದಾಗ ಸಿಲ್ಚಾರ್ ಬಹುಪಾಲು ಮುಳುಗಿತ್ತು. 150 ಹಾಸಿಗೆಗಳ ಈ ಆಸ್ಪತ್ರೆಯ ಸುತ್ತಲೂ ನೀರು. ರೋಗಿಗಳನ್ನೂ ಸಿಬ್ಬಂದಿಯನ್ನೂ ಸಾಗಿಸಲು ಲೈಫ್‌ಜಾಕೆಟ್ ಮತ್ತು ಗಾಳಿ ತುಂಬುವ ದೋಣಿ ಬೇಕೆಂದು ಆಸ್ಪತ್ರೆಯೊಂದು ಮೊರೆ ಇಟ್ಟದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಅರಿವಳಿಕೆಗೆ ಬೇಕಾದ ಅನಿಲ ಸಾಲದೆ ಶಸ್ತ್ರಚಿಕಿತ್ಸೆಗಳನ್ನು ಕಡಿಮೆ ಮಾಡಬೇಕಾಯಿತು. ಕೀಮೋ ಮಾತ್ರ ನಿಲ್ಲಲಿಲ್ಲ. ನೀರು ಕಡಿಮೆ ಇದ್ದ ಕಡೆ, ರಸ್ತೆಯ ಮೇಲೆಯೇ, ರೋಗಿಗಳನ್ನು ಕೂರಿಸಿ ಡ್ರಿಪ್ ಹಾಕಿದರು. ಹೊಸದಾಗಿ ಬಂದವರ ಮೊದಲ ತಪಾಸಣೆಯೂ ಅಲ್ಲೇ. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಹೆರಿಗೆಗೆ ಡೋಲಿ ಹೊತ್ತ ಕತೆಗಳನ್ನು ಕೇಳಿ ಬೆಳೆದವನು ನಾನು. ಡಾಕ್ಟರೇ ನೀರಿನ ಅಂಚಿಗೆ ಬಂದು ನಿಂತ ಕತೆ ಕೇಳಿದ್ದು ಇಲ್ಲಿ.

ಇನ್ನು, ತಪ್ಪಿಸಿಕೊಂಡು ಹೋಗಬಹುದಾದ ಸಂಗತಿಯೊಂದಿದೆ. ಅಂಗಳದ ತುಂಬ ಬಂಗಾಳಿ, ಬಾಗಾನಿನ ಹಿಂದಿ, ಮಣಿಪುರಿ, ದಿಮಾಸಾ ಮಾತುಗಳ ಕಲಕಲ. ಮಾತೇ ಇಲ್ಲದವರೂ ಅಲ್ಲಿ ಬಹಳ. ಗಲ್ಲಕ್ಕೆ ಬಟ್ಟೆ ಸುತ್ತಿಕೊಂಡವರು, ಮೂಗಿನಿಂದ ಕೊಳವೆ ಇಳಿಬಿಟ್ಟುಕೊಂಡವರು, ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಾಗದವರು. ಆ ಕೊನೆಯ ಸ್ಥಿತಿಗೆ ಮುಖ್ಯ ಕಾರಣ ಅಡಿಕೆ. ಅಗಿದು ಅಗಿದು ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿದುಕೊಳ್ಳುತ್ತದೆ, ಮುಂದೆ ಅದೇ ಕ್ಯಾನ್ಸರ್‌ಗೆ ನೆಲವಾಗುತ್ತದೆ. ತಂಬಾಕು ಸೇರಿದರೆ ಕೇಳುವುದೇ ಬೇಡ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಮ್ಮಲ್ಲಿ ಆ ಮಾತು ಎತ್ತಿದರೆ ಸಭೆ ನಡೆಯುತ್ತದೆ, ನಿರ್ಣಯ ಆಗುತ್ತದೆ, ಅದು ಗುಟ್ಕಾದವರ ತಪ್ಪು ಎಂದು ಸಮಾಧಾನ ಹೇಳಿಕೊಂಡು ಕವಳದ ಹರಿವಾಣ ಎಳೆದುಕೊಳ್ಳುತ್ತೇವೆ. ನಾವು ಬೇಯಿಸಿ ಒಣಗಿಸಿ ಚೊಗರಿನ ಬಣ್ಣ ಕಟ್ಟುವ ಅಡಿಕೆಯನ್ನು ಇಲ್ಲಿಯವರು ಹಸಿಯಾಗಿಯೋ ಕೊಳೆಹಾಕಿಯೋ ತಿನ್ನುತ್ತಾರೆ ಎಂಬ ವ್ಯತ್ಯಾಸವನ್ನೂ ನಾನು ಮನಸ್ಸಿನಲ್ಲೇ ವಾದಕ್ಕೆ ಬಳಸಿ ನೋಡಿದೆ. ಆ ಬೆಂಚಿನ ಮೇಲೆ ಕೂತು ಮಾಡಲು ಆಗುವ ವಾದವಲ್ಲ ಅದು. ನನ್ನ ಶಾಲೆಯ ಫೀಸು, ಮನೆಯ ಹಂಚು, ಅಕ್ಕನ ಮದುವೆ ಎಲ್ಲ ಆ ಮರದಿಂದಲೇ ಇಳಿದದ್ದು.

ಅಂಗಳ ಗುಡಿಸುತ್ತಿದ್ದವನೊಬ್ಬ ಮಧ್ಯಾಹ್ನ ಪಕ್ಕದಲ್ಲಿ ಬಂದು ಕೂತ. ಲಖೀಪುರದ ಕಡೆಯ ಬಾಗಾನಿನವ. ಹೆಂಡತಿಗೆ ನಾಲಿಗೆಯಲ್ಲಿ ಹುಣ್ಣಾಗಿತ್ತಂತೆ, ಐದನೆಯ ವಾರ ನಡೆಯುತ್ತಿತ್ತು. ಅವನ ಹಿಂದಿ, ನನ್ನ ಹಿಂದಿ ಎರಡೂ ಕುಂಟುತ್ತಿದ್ದರಿಂದ ಮಾತು ಸರಾಗವಾಗಿ ಸಾಗಿತು.

“ದಾದಾ, ನಿಮ್ಮ ಕಡೆ ಏನು ಬೆಳೆ?”

ಭತ್ತ ಎನ್ನಬಹುದಿತ್ತು. “ಅಡಿಕೆ” ಎಂದೆ.

ಅವನಿಗೆ ಖುಷಿಯಾಯಿತು. ಎಷ್ಟು ಮರ, ಯಾರು ಹತ್ತುತ್ತಾರೆ, ರೇಟು ಎಷ್ಟು ಎಂದೆಲ್ಲ ವಿಚಾರಿಸಿದ. ಒಳ್ಳೆಯ ಮಾಲಿಗೆ ಕ್ವಿಂಟಾಲಿಗೆ ಐವತ್ತು ಸಾವಿರದ ಆಸುಪಾಸು ಎಂದು ಹೇಳಿದೆ. ಅವನು ಬೆರಳು ಮಡಿಸುತ್ತ ಹೋದ. ನಾನೂ ಮನಸ್ಸಿನಲ್ಲೇ ಭಾಗಿಸಿದೆ: 219 ಹಾಜರಿ.

“ಹಾಗಾದರೆ ಮರ ಕಡಿಯಲಾಗುವುದಿಲ್ಲ” ಎಂದ. ಚುಚ್ಚಿ ಆಡಿದ್ದಲ್ಲ. ಕೂಲಿಯವನು ಇನ್ನೊಬ್ಬರ ಹೊಟ್ಟೆಪಾಡನ್ನು ಕಂಡು ಆಡುವ ಮಾತು. ಆಮೇಲೆ ಕೇಳಿದ: “ನೀವೂ ತಿನ್ನುತ್ತೀರಾ?”

“ಊಟದ ಮೇಲೆ. ಒಮ್ಮೊಮ್ಮೆ ಸಂಜೆಗೂ.”

“ಬಾಯಿ ತೋರಿಸಿದ್ದೀರಾ?”

ಇಲ್ಲವೆಂದೆ. ಅವನು ಪೊರಕೆಯನ್ನು ಗೋಡೆಗೆ ಆನಿಸಿ ಎದ್ದು ನಿಂತ. ಬಾಗಾನಿನಿಂದ ಈಗಾಗಲೇ ಇಬ್ಬರನ್ನು ಕರೆತಂದು ತೋರಿಸಿದ್ದಾನಂತೆ, ಎಲ್ಲಿ ನಿಲ್ಲಬೇಕು ಯಾರನ್ನು ಕೇಳಬೇಕು ಎಲ್ಲ ಗೊತ್ತು. ಇಷ್ಟು ದೂರದಿಂದ ಬಂದವರು ಹಾಗೇ ಹೋಗಬಾರದು ಎಂದು ತೋಳು ಹಿಡಿದು ಎಬ್ಬಿಸಿ ಕೌಂಟರಿನ ಮುಂದೆ ನಿಲ್ಲಿಸಿದ. ಚೀಟಿ ಬರೆಯುವವರು ಊರು ಕೇಳಿದರು. ಹೇಳಿದೆ. ಅವರು ಪೆನ್ನು ನಿಲ್ಲಿಸಿ ಮತ್ತೊಮ್ಮೆ ಕೇಳಿದರು. ಸಾಲಿನಲ್ಲಿ ನನ್ನ ಮುಂದೆ ಹದಿನಾರು ಜನರಿದ್ದರು.